ಎರವಲು ತಂದ ವಕ್ರರೇಖೆ

ರೇಡಿಯೋದ ಧ್ವನಿಯನ್ನು ಹೆಚ್ಚುಕಡಮೆ ಮಾಡುವ ತಿರುಗುಗುಂಡಿಯನ್ನು ಬಳಸದವರು ವಿರಳ. ತಿರುಗಿಸಿದಷ್ಟೂ ಧ್ವನಿ ಏರುತ್ತದೆ. ಇದರಲ್ಲಿ ಸೋಜಿಗವೇನು ಎಂದು ವಾಚಕರು ಕೇಳಬಹುದು. ಸೋಜಿಗ ಗುಂಡಿಯ ಒಳಗಿದೆ. ಅಲ್ಲಿರುವ ವಿದ್ಯುನ್ನಿರೋಧದ ಪಟ್ಟಿಯನ್ನು, ಮೊದಲ ಭಾಗದಲ್ಲಿ ನಿರೋಧವು ಮೆಲ್ಲಮೆಲ್ಲನೆಯೂ ಕೊನೆಯ ಭಾಗದಲ್ಲಿ ಬಹು ಬೇಗನೆಯೂ ಬದಲಾಗುವಂತೆ ರಚಿಸಿರುತ್ತಾರೆ. ನಮ್ಮ ಕಿವಿಯ ಸ್ವಭಾವವೇ ಇದಕ್ಕೆ ಕಾರಣ. ಶಬ್ದದ ಶಕ್ತಿಯನ್ನು ಹತ್ತು ಪಟ್ಟು ಮಾಡಿದರೆ ಕಿವಿಗೆ ಅದು ಹತ್ತು ಪಟ್ಟಾಗಿ ಕೇಳಿಸುವುದಿಲ್ಲ. ಸುಮಾರು ಎರಡು ಪಟ್ಟಾದಂತೆ ಮಾತ್ರ ತೋರುತ್ತದೆ. ನಿರೋಧವು ಒಂದೇ ಸಮನಾಗಿ ಬದಲಾಗುವಂತಿದ್ದರೆ, ಗುಂಡಿಯ ಮೊದಲ ಅಲ್ಪ ತಿರುವಿನಲ್ಲಿಯೇ ಧ್ವನಿಯು ಬಹುಮಟ್ಟಿಗೆ ಏರಿಬಿಟ್ಟು ಉಳಿದ ತಿರುವು ಹೆಚ್ಚು ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಹೀಗೆ ಕೈಯ ಚಲನೆಗೂ ಯಂತ್ರದ ಪ್ರತಿಕ್ರಿಯೆಗೂ ನಡುವೆ ಮನುಷ್ಯನು ಬೇಕೆಂದೇ ಒಂದು ವಕ್ರರೇಖೆಯನ್ನು ಇರಿಸಿದ್ದಾನೆ.

ಇಂತಹುದೇ ಮತ್ತೊಂದು ವಕ್ರರೇಖೆಯು ಈ ಲೇಖನದ ವಸ್ತು. ಕಂಪ್ಯೂಟರಿನ ಮುಂದೆ ಕುಳಿತು ವಿಮಾನ ಹಾರಿಸುವ ಅನುಭವವನ್ನು ಕೊಡುವ ಪ್ರೋಗ್ರಾಮುಗಳು ಈಗ ಹಳೆಯವು. ಬ್ರೂಸ್ ಆರ್ಟ್‌ವಿಕ್ ರಚಿಸಿದ ಫ್ಲೈಟ್ ಸಿಮ್ಯುಲೇಟರನ್ನು ಮೈಕ್ರೋಸಾಫ್ಟ್ ಸಂಸ್ಥೆಯು ವೈಯಕ್ತಿಕ ಕಂಪ್ಯೂಟರಿಗಾಗಿ ಹೊರತಂದುದು 1982ರಲ್ಲಿ. ಅದೇ ಹೆಸರಿನ ಪ್ರೋಗ್ರಾಮು 2024ರಲ್ಲಿಯೂ ಹೊಸ ರೂಪದಲ್ಲಿ ಬಂದಿದೆ. ಎಕ್ಸ್-ಪ್ಲೇನ್, ಡಿ.ಸಿ.ಎಸ್. ವರ್ಲ್ಡ್, ಬೆಲೆಯಿಲ್ಲದೆ ದೊರೆಯುವ ಫ್ಲೈಟ್‌ಗಿಯರ್ ಮೊದಲಾದುವೂ ಇವೆ. ಇವೆಲ್ಲವುಗಳಲ್ಲಿ ಮೇಜಿನ ಮೇಲಿಟ್ಟ ನಿಯಂತ್ರಣದಂಡವನ್ನು, ಅಂದರೆ ಜಾಯ್‌ಸ್ಟಿಕ್ಕನ್ನು, ಎಷ್ಟು ವಾಲಿಸಿದರೆ ವಿಮಾನದ ನಿಯಂತ್ರಣಫಲಕಗಳು ಎಷ್ಟು ತಿರುಗಬೇಕು ಎಂಬುದನ್ನು ಬಳಸುವವನೇ ನಿರ್ಧರಿಸಬಹುದು. ಪರದೆಯ ಮೇಲೆ ಒಂದು ರೇಖೆ ಕಾಣುತ್ತದೆ. ಅದನ್ನು ನೇರವಾಗಿಯೂ ಇಡಬಹುದು, ಬೇಕಾದಂತೆ ಬಗ್ಗಿಸಲೂಬಹುದು.

ಈ ರೇಖೆಯ ವಿಷಯದಲ್ಲಿ ಎರಡು ಪಂಗಡಗಳಿವೆ. ಒಂದನೆಯ ಪಂಗಡದವರು ರೇಖೆಯನ್ನು ಮುಟ್ಟಲೇಬಾರದು ಎನ್ನುತ್ತಾರೆ. ನಿಜವಾದ ವಿಮಾನದಲ್ಲಿ ಇಂತಹ ಸೌಲಭ್ಯವಿಲ್ಲ, ಆದುದರಿಂದ ಇದು ಮೋಸ ಎಂಬುದು ಅವರ ವಾದ. ಎರಡನೆಯ ಪಂಗಡದವರು, ಪಳಗಿದವರೆಂದು ಹೆಸರಾದ ಯಾರೋ ಕೊಟ್ಟ ಅಂಕಿಗಳನ್ನು ಹಾಗೆಯೇ ಇಳಿಸಿಕೊಂಡು, ಇನ್ನು ತಮ್ಮ ಹಾರಾಟ ಸುಧಾರಿಸಿತೆಂದು ನಂಬುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡು ಪಂಗಡಗಳೂ ಒಂದೇ ಕೆಲಸವನ್ನು ಬಿಟ್ಟಿವೆ. ಯಾರೂ ಅಳತೆ ಮಾಡಿಲ್ಲ. ಈ ರೇಖೆ ಏನನ್ನು ಕೊಡುತ್ತದೆ, ಅದಕ್ಕೆ ಪ್ರತಿಯಾಗಿ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ತಿಳಿಯದೆ ಅದನ್ನು ಬಗ್ಗಿಸುವುದೂ ತಪ್ಪು, ತಿಳಿಯದೆ ಅದನ್ನು ದೂರುವುದೂ ತಪ್ಪು.

ರೇಖೆ ಹೇಳುವುದೇನು?

ದಂಡವು ನಟ್ಟನಡುವೆ ಇರುವಾಗ ಅದರ ಸ್ಥಾನವನ್ನು 0 ಎಂದೂ, ಒಂದು ತುದಿಗೆ ಪೂರ್ತಿಯಾಗಿ ವಾಲಿಸಿದಾಗ 1 ಎಂದೂ ಇಟ್ಟುಕೊಳ್ಳೋಣ. ದಂಡದ ಸ್ಥಾನವನ್ನು ‘ಕ್ಷ’ ಎಂದೂ ವಿಮಾನಕ್ಕೆ ತಲಪುವ ಆಜ್ಞೆಯನ್ನು ‘ಯ’ ಎಂದೂ ಕರೆಯೋಣ. ರೇಖೆ ನೇರವಾಗಿದ್ದರೆ ಯ = ಕ್ಷ. ಅರ್ಧ ವಾಲಿಸಿದರೆ ಅರ್ಧ ಆಜ್ಞೆ, ಪೂರ್ತಿ ವಾಲಿಸಿದರೆ ಪೂರ್ತಿ ಆಜ್ಞೆ. ಬಾಗಿದ ರೇಖೆಗೆ ಅನೇಕ ಸೂತ್ರಗಳುಂಟು. ಅವುಗಳಲ್ಲಿ ಸರಳವಾದುದು ಇದು:

ಯ = (1 − ವ) ಕ್ಷ + ವ ಕ್ಷ³

ಇಲ್ಲಿ ‘ವ’ ಎಂಬುದು ವಕ್ರತೆಯನ್ನು ಸೂಚಿಸುವ ಸಂಖ್ಯೆ. ಅದು 0 ಆದರೆ ರೇಖೆ ನೇರ. ಹೆಚ್ಚಿದಷ್ಟೂ ರೇಖೆಯ ನಡುಭಾಗ ಚಪ್ಪಟೆಯಾಗುತ್ತದೆ. ವ = 0.4 ಎಂದಿಟ್ಟು ಲೆಕ್ಕ ಹಾಕಿ ನೋಡಿರಿ. ದಂಡವನ್ನು ಕಾಲುಭಾಗ ವಾಲಿಸಿದರೆ ಆಜ್ಞೆ 0.156, ಅರ್ಧ ವಾಲಿಸಿದರೆ 0.35, ಮುಕ್ಕಾಲು ವಾಲಿಸಿದರೆ 0.619, ಪೂರ್ತಿ ವಾಲಿಸಿದರೆ 1. ಮೊದಲ ಕಾಲುಭಾಗದ ಚಲನೆಯಿಂದ ದೊರೆತುದು 0.156 ಮಾತ್ರ. ಕೊನೆಯ ಕಾಲುಭಾಗದ ಚಲನೆಯಿಂದ ದೊರೆತುದಾದರೋ 0.381. ಕೈಯ ಚಲನೆ ಅಷ್ಟೇ; ಫಲ ಮಾತ್ರ ಸುಮಾರು ಎರಡೂವರೆ ಪಟ್ಟು.

ಕೈಯ ಅಲ್ಪ ಚಲನೆಗೆ ಆಜ್ಞೆಯು ಎಷ್ಟು ಬದಲಾಗುತ್ತದೆ ಎಂಬುದೇ ದಂಡದ ಸೂಕ್ಷ್ಮತೆ. ಗಣಿತದ ಭಾಷೆಯಲ್ಲಿ ಅದು ರೇಖೆಯ ಇಳಿಜಾರು. ಮೇಲಿನ ಸೂತ್ರದ ಇಳಿಜಾರು ನಡುವಿನಲ್ಲಿ (1 − ವ), ತುದಿಯಲ್ಲಿ (1 + 2ವ). ವ = 0.4 ಆದಾಗ ನಡುವಿನಲ್ಲಿ 0.6, ತುದಿಯಲ್ಲಿ 1.8. ಅಂದರೆ ನಡುವಿನಲ್ಲಿ ದಂಡವು ನಿಧಾನಿಯಾಯಿತು. ತುದಿಯಲ್ಲಿ ನಡುವಿಗಿಂತ ಮೂರು ಪಟ್ಟು ಚುರುಕಾಯಿತು. ಕಲನಶಾಸ್ತ್ರ ಬಲ್ಲ ವಿದ್ಯಾರ್ಥಿಗಳು ಇನ್ನೊಂದು ಸಂಗತಿಯನ್ನು ತಾವೇ ಸಾಧಿಸಬಹುದು: ‘ವ’ದ ಬೆಲೆ ಎಷ್ಟೇ ಇರಲಿ, ಇಳಿಜಾರು ಸರಿಯಾಗಿ 1 ಆಗುವುದು ಕ್ಷ = 1/√3, ಅಂದರೆ 0.577 ಆದ ಸ್ಥಳದಲ್ಲಿ. ಅಲ್ಲಿಗಿಂತ ಒಳಗೆ ದಂಡವು ನೇರರೇಖೆಗಿಂತ ಸೌಮ್ಯ. ಅಲ್ಲಿಗಿಂತ ಹೊರಗೆ ನೇರರೇಖೆಗಿಂತ ಉಗ್ರ.

ಇದು ಈ ಸೂತ್ರವೊಂದರ ದೋಷವೆಂದು ಭಾವಿಸಬಾರದು. ಚಾರ್ಮಾಡಿ ಘಟ್ಟವನ್ನಾಗಲಿ ಆಗುಂಬೆಯ ಘಟ್ಟವನ್ನಾಗಲಿ ಹತ್ತುವ ರಸ್ತೆಯನ್ನು ನೆನೆದುಕೊಳ್ಳಿರಿ. ಬುಡ ಎಲ್ಲಿದೆ, ನೆತ್ತಿ ಎಲ್ಲಿದೆ ಎಂಬುದು ಗೊತ್ತಾಗಿದೆ. ರಸ್ತೆಯ ಉದ್ದವೂ ಇಷ್ಟೇ ಎಂದು ನಿಶ್ಚಯವಾಗಿದೆ. ಹೀಗಿರುವಲ್ಲಿ ಬುಡದ ಹತ್ತಿರ ರಸ್ತೆಯನ್ನು ಸಮತಟ್ಟಾಗಿ ಮಾಡಿದರೆ ಮೇಲಿನ ಭಾಗ ಕಡಿದಾಗಲೇಬೇಕು. ಹತ್ತಬೇಕಾದ ಎತ್ತರವನ್ನು ಯಾವ ಎಂಜಿನಿಯರನೂ ಕಡಮೆ ಮಾಡಲಾರ. ಅಂತೆಯೇ 0ಯಿಂದ 1ರ ವರೆಗೆ ಏರಬೇಕಾದ ಯಾವ ರೇಖೆಯೇ ಆದರೂ ಅದರ ಸರಾಸರಿ ಇಳಿಜಾರು 1 ಆಗಿಯೇ ತೀರಬೇಕು. ನಡುವಿನಲ್ಲಿ ಉಳಿಸಿದ ಸೂಕ್ಷ್ಮತೆಯನ್ನು ಅಂಚಿನಲ್ಲಿ ಬಡ್ಡಿಯಿಲ್ಲದಿದ್ದರೂ ಅಸಲಿನಷ್ಟಾದರೂ ತೀರಿಸಬೇಕು. ವಕ್ರರೇಖೆಯ ವಿಚಾರದಲ್ಲಿ ಮೊದಲು ತಿಳಿಯತಕ್ಕದ್ದು ಈ ಸಾಲದ ಲೆಕ್ಕ.

ಮೇಜಿನ ದಂಡವೂ ವಿಮಾನದ ದಂಡವೂ

ಹಾಗಾದರೆ ನೇರರೇಖೆಯೇ ಸತ್ಯ, ವಕ್ರರೇಖೆ ಸುಳ್ಳು ಎನ್ನುವ ಮೊದಲನೆಯ ಪಂಗಡದವರೇ ಸರಿಯೆ? ಅದೂ ಅಲ್ಲ. ನಿಜವಾದ ವಿಮಾನದಲ್ಲಿ ನೆಲದಿಂದೆದ್ದ ದಂಡವು 60 ಸೆಂಟಿಮೀಟರ್ ಉದ್ದವಿದೆಯೆಂದೂ, ಮೇಜಿನ ಮೇಲಿನ ದಂಡವು 15 ಸೆಂಟಿಮೀಟರ್ ಉದ್ದವಿದೆಯೆಂದೂ ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಎರಡೂ ಒಂದೊಂದು ಕಡೆಗೆ 20 ಡಿಗ್ರಿ ವಾಲುತ್ತವೆ. ಉದ್ದನೆಯ ದಂಡದಲ್ಲಿ ಕೈ ಸಾಗುವ ದೂರ ಸುಮಾರು 21 ಸೆಂಟಿಮೀಟರ್. ಗಿಡ್ಡ ದಂಡದಲ್ಲಿ ಸುಮಾರು 5 ಸೆಂಟಿಮೀಟರ್. ಕೈ 2 ಮಿಲಿಮೀಟರಿನಷ್ಟು ಅಲುಗಿತೆಂದರೆ ಉದ್ದನೆಯ ದಂಡದಲ್ಲಿ ತಪ್ಪು ಶೇಕಡ 1ರಷ್ಟು. ಗಿಡ್ಡ ದಂಡದಲ್ಲಿ ಶೇಕಡ 4ರಷ್ಟು. ಮನುಷ್ಯನ ಕೈ ಒಂದೇ. ಆದರೂ ಮೇಜಿನ ಮೇಲಿನ ವಿಮಾನವು ನಾಲ್ಕು ಪಟ್ಟು ಚಂಚಲವಾಗಿ ತೋರುತ್ತದೆ. ನೇರರೇಖೆಯನ್ನು ಇಟ್ಟ ಮಾತ್ರಕ್ಕೆ ಅದು ನಿಜವಾದ ವಿಮಾನವಾಗದು.

ಇನ್ನೊಂದು ವ್ಯತ್ಯಾಸವು ಇದಕ್ಕಿಂತಲೂ ಆಳವಾದುದು. ಸೆಸ್ನಾ 172ರಂತಹ ಸಣ್ಣ ವಿಮಾನದಲ್ಲಿ ಚಾಲಕನ ಹಿಡಿಯಿಂದ ನಿಯಂತ್ರಣಫಲಕದ ವರೆಗೆ ಉಕ್ಕಿನ ತಂತಿಗಳು ಹೋಗಿರುತ್ತವೆ. ಎದುರುಗಾಳಿಯು ಫಲಕವನ್ನು ತಳ್ಳಿದರೆ ಆ ಒತ್ತಡ ಚಾಲಕನ ಕೈಗೆ ತಿಳಿಯುತ್ತದೆ. ಈ ಒತ್ತಡವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ವೇಗವಾಗಿ ಹಾರುವಾಗ ಫಲಕದ ಅಲ್ಪ ತಿರುವೂ ಪ್ರಬಲ. ಆದರೆ ಆಗ ಹಿಡಿಯೂ ಬಿಗಿಯಾಗಿರುತ್ತದೆಯಾದ್ದರಿಂದ ಕೈ ತಾನಾಗಿಯೇ ಸಂಯಮದಿಂದಿರುತ್ತದೆ. ಮೇಜಿನ ದಂಡದಲ್ಲಿರುವುದು ಬರಿಯ ಸ್ಪ್ರಿಂಗು. ವಿಮಾನವು 60 ನಾಟ್ ವೇಗದಲ್ಲಿ ಇಳಿಯುತ್ತಿರಲಿ, 120 ನಾಟ್ ವೇಗದಲ್ಲಿ ಸಾಗುತ್ತಿರಲಿ, ಸ್ಪ್ರಿಂಗಿನ ಬಿಗಿ ಒಂದೇ. ಕೈಗೆ ಬರಬೇಕಾದ ವಾರ್ತೆಯೇ ಬಾರದಿರುವಾಗ ಅದರ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಲು ವಕ್ರರೇಖೆಯನ್ನು ಬಳಸುವುದು ಮೋಸವಲ್ಲ, ಅದೊಂದು ಚಿಕಿತ್ಸೆ. ಆದರೆ ಯಾವ ಚಿಕಿತ್ಸೆಯನ್ನೂ ರೋಗಿಯನ್ನು ನೋಡದೆ ಕೊಡಬಾರದು.

ಗಿಡ್ಡ ದಂಡದ ದೋಷವನ್ನು ಪೂರ್ತಿಯಾಗಿ ವಕ್ರರೇಖೆಯಿಂದಲೇ ಸರಿಪಡಿಸಹೊರಟರೆ ಏನಾಗುವುದು? ನಡುವಿನ ಇಳಿಜಾರನ್ನು ಕಾಲುಭಾಗಕ್ಕೆ ಇಳಿಸಬೇಕು; ಅದಕ್ಕೆ ವ = 0.75 ಬೇಕು. ಆಗ ತುದಿಯ ಇಳಿಜಾರು 2.5. ಒಂದೇ ದಂಡವು ನಡುವಿಗಿಂತ ಅಂಚಿನಲ್ಲಿ ಹತ್ತು ಪಟ್ಟು ಚುರುಕು! ಇಂತಹ ದಂಡವನ್ನು ಯಾವ ಕೈಯೂ ನೆಚ್ಚಲಾರದು. ಇದಕ್ಕೆ ಬದಲಾಗಿ 15 ಸೆಂಟಿಮೀಟರಿನ ದಂಡಕ್ಕೆ 10 ಸೆಂಟಿಮೀಟರಿನ ಒಂದು ಕೊಳವೆಯನ್ನು ಜೋಡಿಸಿದರೆ ಕೈಯ ನಡುಕದ ಪರಿಣಾಮವು 15/25ಕ್ಕೆ, ಅಂದರೆ 0.6ಕ್ಕೆ ಇಳಿಯುತ್ತದೆ. ವ = 0.4 ಆದ ವಕ್ರರೇಖೆಯು ನಡುವಿನಲ್ಲಿ ಕೊಟ್ಟುದೂ ಇದೇ 0.6. ಕೊಳವೆಯಾದರೋ ಇದನ್ನು ನಡುವಿನಲ್ಲಿಯೂ ಅಂಚಿನಲ್ಲಿಯೂ ಒಂದೇ ಸಮನಾಗಿ ಕೊಡುತ್ತದೆ. ಸ್ಪ್ರಿಂಗು ತುಸು ಗಡುಸಾಗಿರಬೇಕು, ಪೀಠವನ್ನು ಮೇಜಿಗೆ ಭದ್ರವಾಗಿ ಬಿಗಿಯಬೇಕು. ಅದರ ಬೆಲೆ ಇಷ್ಟೆ. ಗಣಿತದಿಂದ ತೇಪೆ ಹಾಕುವುದಕ್ಕೆ ಮೊದಲು ಸನ್ನೆಗೋಲಿನ ಪಾಠವನ್ನು ನೆನೆಯುವುದು ಮೇಲು.

ನಿಜವಾದ ಆಕಾಶದಲ್ಲಿ

ದಂಡದ ಸೂಕ್ಷ್ಮತೆಯ ಪ್ರಶ್ನೆ ಆಟದ ಕೋಣೆಯಲ್ಲಿ ಹುಟ್ಟಿದುದಲ್ಲ. ಫ್ಲೈ-ಬೈ-ವೈರ್ ವಿಮಾನಗಳಲ್ಲಿ ದಂಡಕ್ಕೂ ಫಲಕಕ್ಕೂ ನಡುವೆ ಉಕ್ಕಿನ ತಂತಿಯಿಲ್ಲ. ವಿದ್ಯುತ್ಸಂಕೇತಗಳು ಮಾತ್ರ ಓಡಾಡುತ್ತವೆ. ಕೈಯ ಎಷ್ಟು ಒತ್ತಡಕ್ಕೆ ಎಷ್ಟು ಫಲ ಎಂಬುದನ್ನು ಅಲ್ಲಿಯೂ ಯಾರಾದರೊಬ್ಬರು ನಿರ್ಧರಿಸಬೇಕು.

ಅಮೆರಿಕದ ವೈಎಫ್-16 ವಿಮಾನದ ಕಥೆಯನ್ನು ಕೇಳಿರಿ. 1974ರ ಜನವರಿ 20ರಂದು ಎಡ್ವರ್ಡ್ಸ್ ವಾಯುನೆಲೆಯಲ್ಲಿ ಅದನ್ನು ನೆಲದ ಮೇಲೆಯೇ ವೇಗವಾಗಿ ಓಡಿಸಿ ಪರೀಕ್ಷಿಸುವುದೆಂದು ಗೊತ್ತಾಗಿತ್ತು. ಅದರ ದಂಡವು ವಾಲುತ್ತಿರಲಿಲ್ಲ. ಕೈಯ ಒತ್ತಡವನ್ನು ಮಾತ್ರ ಗ್ರಹಿಸುತ್ತಿತ್ತು. ಓಡುತ್ತಿರುವಾಗ ವಿಮಾನವು ಎಡಕ್ಕೂ ಬಲಕ್ಕೂ ತೂಗಾಡತೊಡಗಿತು. ಚಾಲಕ ಫಿಲ್ ಓಸ್ಟ್ರಿಚರ್ ಸರಿಪಡಿಸಹೋದಂತೆಲ್ಲ ತೂಗಾಟ ಹೆಚ್ಚಿತು. ಬಾಲದ ಅಡ್ಡರೆಕ್ಕೆ ನೆಲವನ್ನು ಉಜ್ಜಿತು. ವಿಮಾನವು ಓಡುದಾರಿಯನ್ನು ಬಿಟ್ಟು ಹೊರಳತೊಡಗಿತು. ಆಗ ಆತನು ಧೈರ್ಯದಿಂದ ವಿಮಾನವನ್ನು ಮೇಲಕ್ಕೆತ್ತಿಬಿಟ್ಟು, ಆರು ನಿಮಿಷಗಳ ಅನಂತರ ಸುರಕ್ಷಿತವಾಗಿ ಇಳಿಸಿದನು. ಉರುಳುವ ಚಲನೆಯನ್ನು ನಿಯಂತ್ರಿಸುವ ಸೂಕ್ಷ್ಮತೆಯು ಮಿತಿಮೀರಿದ್ದುದೇ ಕಾರಣವೆಂದು ಕಂಡು ಅದನ್ನು ತಗ್ಗಿಸಿದರು. ಫೆಬ್ರವರಿ 2ರಂದು ವಿಧಿವತ್ತಾದ ಪ್ರಥಮ ಹಾರಾಟ ನಡೆಯಿತು. ಮುಂದೆ ಇದೇ ವಂಶದ ವಿಮಾನಗಳಲ್ಲಿ ದಂಡವು ಅತ್ಯಲ್ಪವಾಗಿಯಾದರೂ ಅಲುಗುವಂತೆ ಮಾಡಿದರು. ಕೈಗೆ ಏನಾದರೊಂದು ಸುಳಿವು ಬೇಕಲ್ಲವೆ!

ಮೂರು ವರ್ಷಗಳ ತರುವಾಯ, 1977ರ ಅಕ್ಟೋಬರ್ 26ರಂದು, ಅದೇ ಎಡ್ವರ್ಡ್ಸ್‌ನಲ್ಲಿ ಬಾಹ್ಯಾಕಾಶ ಷಟಲ್ ಎಂಟರ್‌ಪ್ರೈಸ್ ಇಳಿಯುವಾಗಲೂ ಇಂತಹುದೇ ತೂಗಾಟ ಸಂಭವಿಸಿತು. ನಡೆಸುತ್ತಿದ್ದವನು ಅಪೋಲೊ 13ರಲ್ಲಿ ಹೋಗಿಬಂದ ಫ್ರೆಡ್ ಹೇಯ್ಸ್, ಅನನುಭವಿಯೆನ್ನುವಂತಿಲ್ಲ. ವಾಹನವು ಪುಟನೆಗೆದು ಕಡೆಗೆ ಕ್ಷೇಮವಾಗಿ ಇಳಿಯಿತು. ಆಜ್ಞೆಗೂ ಪ್ರತಿಕ್ರಿಯೆಗೂ ನಡುವೆ ಕಂಪ್ಯೂಟರುಗಳಲ್ಲಿ ಉಂಟಾಗುತ್ತಿದ್ದ ವಿಳಂಬವೂ ಇದಕ್ಕೆ ಒಂದು ಕಾರಣವಾಗಿತ್ತು. ಚಾಲಕನ ಕೈ ಬೇಗಬೇಗನೆ ಹಿಂದುಮುಂದಾಗತೊಡಗಿದೊಡನೆ ದಂಡದ ಸೂಕ್ಷ್ಮತೆಯನ್ನು ತಾನಾಗಿಯೇ ತಗ್ಗಿಸುವ ಏರ್ಪಾಡನ್ನು ಮುಂದೆ ಷಟಲ್‌ಗಳಲ್ಲಿ ಅಳವಡಿಸಿದರು.

ಈ ತೂಗಾಟದ ತತ್ತ್ವ ಸರಳ. ಕಣ್ಣು ನೋಡಿ, ಮೆದುಳು ತಿಳಿದು, ಕೈ ಚಲಿಸುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಕಳೆದಿರುತ್ತದೆ. ಯಂತ್ರದ ವಿಳಂಬ ಅದಕ್ಕೆ ಸೇರುತ್ತದೆ. ಅಷ್ಟರಲ್ಲಿ ವಿಮಾನವು ಮುಂದಕ್ಕೆ ಹೋಗಿಬಿಟ್ಟಿದೆ. ಸೂಕ್ಷ್ಮತೆ ಹೆಚ್ಚಾಗಿದ್ದರೆ ತಡವಾಗಿ ಬಂದ ತಿದ್ದುಪಡಿಯು ಮಿತಿಮೀರುತ್ತದೆ. ಅದನ್ನು ತಿದ್ದಲು ಹೊರಟ ಮುಂದಿನ ತಿದ್ದುಪಡಿಯು ಎದುರು ದಿಕ್ಕಿನಲ್ಲಿ ಇನ್ನಷ್ಟು ಮಿತಿಮೀರುತ್ತದೆ. ಈಗ ನಮ್ಮ ವಕ್ರರೇಖೆಯನ್ನು ಈ ಬೆಳಕಿನಲ್ಲಿ ನೋಡಿರಿ. ಗಾಳಿ ಶಾಂತವಾಗಿರುವಾಗ ಕೈ ನಡುವಿನ ಚಪ್ಪಟೆ ಭಾಗದಲ್ಲಿರುತ್ತದೆ. ಎಲ್ಲವೂ ನಯವಾಗಿ ನಡೆಯುತ್ತದೆ. ಓಡುದಾರಿಯ ಹತ್ತಿರ ಅಡ್ಡಗಾಳಿ ಬೀಸಿ ಚಾಲಕನು ಗಾಬರಿಯಿಂದ ದಂಡವನ್ನು ದೂರಕ್ಕೆಳೆದನೆನ್ನಿ; ಆಗ ಕೈ ಅಂಚಿನ ಕಡಿದಾದ ಭಾಗವನ್ನು ಸೇರಿರುತ್ತದೆ. ಸೌಮ್ಯತೆ ಬೇಕಾದ ಹೊತ್ತಿಗೇ ದಂಡವು ಉಗ್ರವಾಗಿದೆ. ನೆಮ್ಮದಿಯ ಕಾಲದಲ್ಲಿ ಮಾಡಿದ ಸಾಲವನ್ನು ಸಂಕಟದ ಕಾಲದಲ್ಲಿ ತೀರಿಸುವಂತಾಯಿತು.

ಎಂಜಿನಿಯರರು ಬಾಗಿದ ರೇಖೆಗಳನ್ನು ಬಳಸುವುದಿಲ್ಲವೆಂದು ಇದರ ಅರ್ಥವಲ್ಲ. ಧಾರಾಳವಾಗಿ ಬಳಸುತ್ತಾರೆ, ಆದರೆ ಅಳೆದು ಬಳಸುತ್ತಾರೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ವಿಮಾನವೂ ಫ್ಲೈ-ಬೈ-ವೈರ್ ಜಾತಿಯದು. ಅದರ ನಿಯಂತ್ರಣ ನಿಯಮಗಳನ್ನು ರೂಪಿಸುವ ಕಾರ್ಯದಲ್ಲಿ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಮುಂದಾಳಾಗಿತ್ತು. ವಿಮಾನವು ನೆಲ ಬಿಡುವುದಕ್ಕೆ ಮುಂಚೆಯೇ ಪರೀಕ್ಷಾ ಚಾಲಕರು ಆ ನಿಯಮಗಳನ್ನು ಸಿಮ್ಯುಲೇಟರುಗಳಲ್ಲಿ ಮತ್ತೆಮತ್ತೆ ಹಾರಿಸಿ ನೋಡಿದ್ದರು. ಬೇರೊಂದು ದೇಶದ ವಿಮಾನದ ಅಂಕಿಗಳನ್ನು ತಂದು ಇಲ್ಲಿ ತುಂಬಿಸಿದ್ದರೆ ಕೆಲಸ ನಡೆಯುತ್ತಿರಲಿಲ್ಲ.

ರೇಖೆಯಿಂದ ಆಗದ ಕೆಲಸ

ವಕ್ರರೇಖೆಯ ಸೌಮ್ಯಭಾಗ ಇರುವುದು ದಂಡದ ನಡುವಿನಲ್ಲಿ. ಆದರೆ ಹಾರಾಟವು ಯಾವಾಗಲೂ ನಡುವಿನಲ್ಲಿಯೇ ನಡೆಯುವುದಿಲ್ಲ. ಟ್ರಿಮ್ ಚಕ್ರವನ್ನು ಸರಿಯಾಗಿ ತಿರುಗಿಸದೆ, ವಿಮಾನದ ಮೂಗನ್ನು ದಂಡದಿಂದಲೇ ಎತ್ತಿ ಹಿಡಿದಿರುವ ವಿದ್ಯಾರ್ಥಿಯ ಕೈ ಸದಾ ಹಿಂದಕ್ಕೆ ಸರಿದಿರುತ್ತದೆ. ಅವನಿಗೆ ವಕ್ರರೇಖೆಯಿಂದ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು. ಅವನಿಗೆ ಬೇಕಾದುದು ಹೊಸ ರೇಖೆಯಲ್ಲ, ಟ್ರಿಮ್ ಮಾಡುವ ಅಭ್ಯಾಸ. ಹೆಲಿಕಾಪ್ಟರಿನಲ್ಲಿಯೂ ಹೀಗೆಯೇ: ಒಂದೆಡೆ ತೇಲಿ ನಿಂತಿರುವಾಗ ದಂಡವು ಅನೇಕ ವೇಳೆ ನಡುವಿನಿಂದ ಓರೆಯಾಗಿಯೇ ಇರುತ್ತದೆ. ಸ್ಪ್ರಿಂಗಿನ ನಡುವನ್ನು ಆಧರಿಸಿ ಬರೆದ ರೇಖೆಯು ಅಲ್ಲಿ ಸರಿಹೊಂದುವುದಿಲ್ಲ.

‘ನಿಶ್ಚೇಷ್ಟ ವಲಯ’ ಎಂಬ ಇನ್ನೊಂದು ಸೌಲಭ್ಯವುಂಟು. ನಡುವಿನ ಸುತ್ತ ಸ್ವಲ್ಪ ದೂರದ ವರೆಗೆ ದಂಡದ ಚಲನೆಯನ್ನು ಕಂಪ್ಯೂಟರು ಗಣನೆಗೆ ತೆಗೆದುಕೊಳ್ಳದಂತೆ ಮಾಡುವುದು ಇದರ ಕೆಲಸ. ದಂಡದೊಳಗಿನ ನಿರೋಧದ ಪಟ್ಟಿ ಸವೆದು ಅಂಕಿಗಳು ಕುಣಿಯುತ್ತಿದ್ದರೆ ಇದು ಬೇಕಾಗುತ್ತದೆ. ಕಾಂತಕ್ಷೇತ್ರವನ್ನು ಗ್ರಹಿಸುವ, ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮದ ಮೇಲೆ ನಡೆಯುವ ದಂಡಗಳಲ್ಲಿ ಉಜ್ಜಿ ಸವೆಯುವ ಪಟ್ಟಿಯಿಲ್ಲವಾದ್ದರಿಂದ ಇದರ ಅಗತ್ಯ ಅತ್ಯಲ್ಪ. ಬೇಡದಿದ್ದರೂ ಅಗಲವಾದ ನಿಶ್ಚೇಷ್ಟ ವಲಯವನ್ನಿಟ್ಟರೆ ಕೈ ಅದನ್ನು ದಾಟಿದಾಗ ಮಾತ್ರ ವಿಮಾನವು ಅಲುಗುತ್ತದೆ. ಚಾಲಕನು ಆ ಕಡೆಗೂ ಈ ಕಡೆಗೂ ದಾಟುತ್ತ ತಾನೇ ತೂಗಾಟವನ್ನು ಬರಮಾಡಿಕೊಳ್ಳುತ್ತಾನೆ.

ಇನ್ನು ಕೆಲವರು ರೇಖೆಯನ್ನು ನೇರವಾಗಿಯೇ ಇಟ್ಟು ಅದರ ತುದಿಯನ್ನು, 1ರ ಬದಲು 0.7ಕ್ಕೆ, ಕತ್ತರಿಸುತ್ತಾರೆ. ಈಗ ಎಲ್ಲೆಡೆಯೂ ಸೌಮ್ಯತೆ ದೊರೆಯಿತು, ನಿಜ. ಸಾಲ ತೀರಿತೆ? ಇಲ್ಲ, ಅದು ಬೇರೆ ರೂಪದಲ್ಲಿ ಕುಳಿತಿದೆ. ವಿಮಾನವು ಸುಳಿದಿರುಗುತ್ತ ಬೀಳುವಾಗ ಎದುರು ದಿಕ್ಕಿಗೆ ಚುಕ್ಕಾಣಿಯನ್ನು ಪೂರ್ತಿಯಾಗಿ ಒತ್ತಬೇಕು. ಪೂರ್ತಿ ಎಂಬುದೇ ಇಲ್ಲದಂತೆ ಮಾಡಿಕೊಂಡವನು ಆಗ ಏನು ಮಾಡಿಯಾನು?

ಮಾಡಿ ನೋಡತಕ್ಕ ಪ್ರಯೋಗ

ಬೇರೆಯವರ ಅಂಕಿಗಳನ್ನು ಇಳಿಸಿಕೊಳ್ಳುವುದು ಏಕೆ ವ್ಯರ್ಥ ಎಂಬುದಕ್ಕೆ ಒಂದು ಸಣ್ಣ ನಿದರ್ಶನ ಸಾಕು. ನಡುಭಾಗವನ್ನು ಸೌಮ್ಯಗೊಳಿಸಲು ಮೈಕ್ರೋಸಾಫ್ಟ್‌ನ 2020ರ ಪ್ರೋಗ್ರಾಮಿನಲ್ಲಿ ಋಣ ಸಂಖ್ಯೆಯನ್ನು ಕೊಡಬೇಕು, ಡಿ.ಸಿ.ಎಸ್. ವರ್ಲ್ಡ್‌ನಲ್ಲಿ ಧನ ಸಂಖ್ಯೆಯನ್ನು ಕೊಡಬೇಕು. ಫ್ಲೈಟ್‌ಗಿಯರ್‌ನಲ್ಲಿ ಶೇಕಡದ ಮಾತೇ ಇಲ್ಲ; ಅಲ್ಲಿ ದಂಡದ ಸ್ಥಾನವನ್ನು ಇಂತಿಷ್ಟನೆಯ ಘಾತಕ್ಕೆ ಏರಿಸೆಂದು ಹೇಳಬಹುದು. ಘಾತ 2 ಆದರೆ ನಡುವಿನಲ್ಲಿ ಇಳಿಜಾರು ಪೂರ್ತಿ ಸೊನ್ನೆ! ಹೀಗಿರುವಾಗ ‘ಮೂವತ್ತು ಇಡಿ, ಚೆನ್ನಾಗಿರುತ್ತದೆ’ ಎಂಬ ಮಾತಿಗೆ ಅರ್ಥವೇನು? ಏಕಮಾನವನ್ನು ಹೇಳದೆ ಕೊಟ್ಟ ಅಂಕಿಯನ್ನು ಭೌತಶಾಸ್ತ್ರದ ಯಾವ ಪರೀಕ್ಷಕನೂ ಒಪ್ಪುವುದಿಲ್ಲ. ಜೊತೆಗೆ, ಹೇಳಿದವನ ದಂಡದ ಉದ್ದ, ಸ್ಪ್ರಿಂಗಿನ ಬಿಗಿ, ವಿಮಾನ, ಕೈ ಯಾವುದೂ ನಮ್ಮದಲ್ಲ.

ಇದರ ಬದಲು ಹೀಗೆ ಮಾಡಿರಿ. ಮೊದಲು ರೇಖೆಯನ್ನು ನೇರವಾಗಿಟ್ಟು, ದಂಡವನ್ನು ಎಡದಿಂದಲೂ ಬಲದಿಂದಲೂ ಬಿಟ್ಟು ನೋಡಿ, ಕೈ ಬಿಟ್ಟಾಗ ಅಂಕಿ ಎಲ್ಲಿ ನಿಲ್ಲುತ್ತದೆಂಬುದನ್ನು ಗುರುತುಹಾಕಿಕೊಳ್ಳಿರಿ. ನಿಶ್ಚೇಷ್ಟ ವಲಯ ಎಷ್ಟು ಬೇಕೆಂಬುದು ಅದರಿಂದಲೇ ತಿಳಿಯುತ್ತದೆ. ಅನಂತರ ಒಂದು ಸಣ್ಣ ವಿಮಾನವನ್ನು ಗಾಳಿಯಿಲ್ಲದ ದಿನಕ್ಕೆ ಹೊಂದಿಸಿ, 3,000 ಅಡಿ ಎತ್ತರದಲ್ಲಿ ಟ್ರಿಮ್ ಮಾಡಿ, ಐದು ನಿಮಿಷ ನೆಟ್ಟಗೆ ಹಾರಿಸಿರಿ. ಹದಿನೈದು ಸೆಕೆಂಡಿಗೊಮ್ಮೆ ಎತ್ತರವನ್ನು ಗೆಳೆಯನೊಬ್ಬನು ಬರೆದುಕೊಳ್ಳಲಿ. ನಿಗದಿಯಾದ ಎತ್ತರದಿಂದ ಎಷ್ಟೆಷ್ಟು ತಪ್ಪಿತೆಂಬುದರ ಸರಾಸರಿಯನ್ನು ತೆಗೆಯಿರಿ. ಮುಂದೆ 45 ಡಿಗ್ರಿ ವಾಲಿಸಿ ಒಂದು ಪೂರ್ಣ ಸುತ್ತು ತಿರುಗಿಸಿರಿ. ಆ ತಿರುವಿನಲ್ಲಿ ರೆಕ್ಕೆಗಳು ಹೊರಬೇಕಾದ ಭಾರ ತೂಕದ 1.41 ಪಟ್ಟು, ದಂಡವನ್ನು ಹಿಂದಕ್ಕೆ ಎಳೆದು ಹಿಡಿಯಲೇಬೇಕು. ಅಲ್ಲಿಯೂ ಎತ್ತರದ ತಪ್ಪನ್ನು ಅಳೆಯಿರಿ. ಮೊದಲನೆಯದು ನಡುಭಾಗದ ಪರೀಕ್ಷೆ, ಎರಡನೆಯದು ನಡುವನ್ನು ಬಿಟ್ಟ ಭಾಗದ ಪರೀಕ್ಷೆ.

ಈಗ ವಕ್ರತೆಯನ್ನು ಬದಲಾಯಿಸಿ ಇವೇ ಎರಡು ಪರೀಕ್ಷೆಗಳನ್ನು ಮತ್ತೆ ಮಾಡಿರಿ. ಎರಡು ಎಚ್ಚರಿಕೆಗಳು ಮುಖ್ಯ. ವಕ್ರತೆಯನ್ನು ಗೆಳೆಯನೇ ಬದಲಾಯಿಸಬೇಕು. ಅದು ಎಷ್ಟೆಂಬುದು ಹಾರಿಸುವವನಿಗೆ ತಿಳಿದಿರಬಾರದು, ಏಕೆಂದರೆ ಸುಧಾರಿಸಿತೆಂದು ನಂಬಿದವನಿಗೆ ಸುಧಾರಿಸಿದಂತೆಯೇ ತೋರುತ್ತದೆ. ಅಲ್ಲದೆ ಚಿಕ್ಕದರಿಂದ ದೊಡ್ಡದಕ್ಕೆ ಕ್ರಮವಾಗಿ ಹೋಗದೆ ಅಡ್ಡಾದಿಡ್ಡಿಯಾಗಿ ಬದಲಾಯಿಸುತ್ತ, ಪ್ರತಿಯೊಂದನ್ನೂ ಮೂರು ಸಲವಾದರೂ ಪರೀಕ್ಷಿಸಬೇಕು. ಇಲ್ಲದಿದ್ದರೆ ಅಭ್ಯಾಸದಿಂದ ಬಂದ ಲಾಭವು ವಕ್ರರೇಖೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಂದು ಭಾನುವಾರದ ಕೆಲಸ ಇದು. ಕೊನೆಗೆ ಎರಡು ಸರಾಸರಿಗಳನ್ನು ವಕ್ರತೆಯ ಎದುರು ನಕ್ಷೆಯಲ್ಲಿ ಗುರುತಿಸಿದರೆ, ಯಾವ ಬೆಲೆಯ ವರೆಗೆ ನಡುವಿನ ಲಾಭವು ಅಂಚಿನ ನಷ್ಟಕ್ಕಿಂತ ಹೆಚ್ಚು ಎಂಬುದು ಕಣ್ಣಿಗೆ ಕಾಣುತ್ತದೆ. ನೇರರೇಖೆಯೇ ಒಳ್ಳೆಯದೆಂದು ತಿಳಿದುಬಂದರೆ ಅದನ್ನೂ ಸಂತೋಷದಿಂದ ಒಪ್ಪಿಕೊಳ್ಳಿರಿ.

ಬರಿಯ ಒಂದು ಆಟಕ್ಕೆ ಇಷ್ಟೆಲ್ಲ ಶ್ರಮವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಗಳನ್ನು ತಾನೇ ಎಣಿಸದೆ ಪಕ್ಕದವನ ಪುಸ್ತಕದಿಂದ ಅಂಕಿಗಳನ್ನು ಇಳಿಸಿಕೊಳ್ಳುವ ವಿದ್ಯಾರ್ಥಿಗಳನ್ನು ಪ್ರತಿ ವರ್ಷವೂ ಕಾಣುತ್ತೇನೆ. ಅವರ ಉತ್ತರ ಅನೇಕ ವೇಳೆ ಸರಿಯಾಗಿಯೇ ಇರುತ್ತದೆ; ಗುರುತ್ವವು ಎಲ್ಲರಿಗೂ ಒಂದೇ ತಾನೆ! ಆದರೆ ಕಾಲೇಜಿನ ಹೊರಗೆ ಬಹುಪಾಲು ಸಂಗತಿಗಳು ಹಾಗಿಲ್ಲ. ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನನ್ನು ನಡೆಸುವ ಕೆಲಸಕ್ಕೆ ಇಂದು ನಮ್ಮ ಹಳ್ಳಿಗಳ ತರುಣರೂ ಹೋಗುತ್ತಿದ್ದಾರೆ. ರೇಡಿಯೋ ನಿಯಂತ್ರಣದ ಹಿಡಿಗಳಲ್ಲಿಯೂ ಇಂತಹುದೇ ವಕ್ರರೇಖೆಯನ್ನು ಇಡುವ ವಾಡಿಕೆಯುಂಟು. ಅಲ್ಲಿ ಗಾಳಿ ನಿಜ, ಮರ ನಿಜ, ಕೆಳಗೆ ನಿಂತಿರುವ ಮನುಷ್ಯನೂ ನಿಜ. ಎರವಲು ತಂದ ಅಂಕಿಯು ಅಲ್ಲಿ ಯಾರ ಹೊಣೆ?

ಮೇಜಿನ ಮೇಲಿನ ವಿಮಾನವು ಬಿದ್ದರೆ ಯಾರಿಗೂ ಪೆಟ್ಟಾಗುವುದಿಲ್ಲ. ಆದುದರಿಂದಲೇ ಅಳತೆಯ ಅಭ್ಯಾಸವನ್ನು ಅಲ್ಲಿ ಕಲಿಯುವುದು ಜಾಣತನ. ಪರದೆಯ ಮೇಲೆ ಬಾಗಿ ನಿಂತಿರುವ ಆ ಗೆರೆಯು ಪಠ್ಯಪುಸ್ತಕದ ಯ = ಫಲನ(ಕ್ಷ) ಎಂಬುದರ ಜೀವಂತ ರೂಪ; ಅದರ ಇಳಿಜಾರನ್ನು ಅಂಗೈಯಿಂದಲೇ ಮುಟ್ಟಿ ತಿಳಿಯಬಹುದು. ಇಂತಹ ಅವಕಾಶ ಹಿಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ದೊರೆತಿರಲಿಲ್ಲ. ಅದನ್ನು ಇನ್ನೊಬ್ಬರ ಅಂಕಿಗಳಿಗೆ ಒಪ್ಪಿಸಿ ಕೈತೊಳೆದುಕೊಳ್ಳಬೇಡಿರಿ. ಕಾಗದ, ಪೆನ್ಸಿಲು, ಒಬ್ಬ ಗೆಳೆಯ ಇಷ್ಟಿದ್ದರೆ ಮುಂದಿನ ಭಾನುವಾರವೇ ಆರಂಭಿಸಬಹುದು.